ನಾಯಿಯ ಕೊರಳಪಟ್ಟಿ ಮತ್ತು ಹಾರ್ನೆಸ್

ಸಾಕುನಾಯಿಯನ್ನು ಹತೋಟಿಯಲ್ಲಿಡಲು, ಗುರುತು ಹಿಡಿಯಲು ಮತ್ತು ಅಪಾಯದಿಂದ ಕಾಯಲು ಅದಕ್ಕೆ ತೊಡಿಸುವ ಎರಡು ಮುಖ್ಯ ಸಾಧನಗಳು. ಕತ್ತಿನ ಸುತ್ತ ಮಾತ್ರ ಕಟ್ಟುವುದು ಕೊರಳಪಟ್ಟಿ. ಆಡುಮಾತಿನಲ್ಲಿ ಇದು ಬೆಲ್ಟ್ ಅಥವಾ ಕಾಲರ್. ಎದೆ, ಭುಜ, ಪಕ್ಕೆಗಳನ್ನು ಬಳಸಿಕೊಂಡು ಹಲವು ಪಟ್ಟಿಗಳಲ್ಲಿ ಮೈಗೆ ತೊಡಿಸುವುದು ಹಾರ್ನೆಸ್. ಇದಕ್ಕೆ ಎದೆಪಟ್ಟಿ ಎಂದೂ ಹೇಳುವುದುಂಟು. ಎರಡರಲ್ಲೂ ಒಂದು ಲೋಹದ ಬಳೆ ಇರುತ್ತದೆ. ಲೀಶ್ ಎನ್ನುವ ಹಗ್ಗವನ್ನೋ ಸರಪಳಿಯನ್ನೋ ಅದಕ್ಕೆ ಸಿಕ್ಕಿಸುತ್ತಾರೆ. ನಾಯಿ ಎಳೆದಾಗ, ಬೆದರಿ ನೆಗೆದಾಗ, ಯಜಮಾನ ಹಗ್ಗ ಜಗ್ಗಿದಾಗ ಆ ಬಲ ನಾಯಿಯ ಮೈಯಲ್ಲಿ ಎಲ್ಲಿ ಬೀಳುತ್ತದೆ ಎಂಬುದೇ ಇವೆರಡರ ನಡುವಿನ ಮೂಲ ವ್ಯತ್ಯಾಸ. ಕೊರಳಪಟ್ಟಿಯಲ್ಲಿ ಅಷ್ಟೂ ಬಲ ಕತ್ತಿನ ಒಂದು ಕಿರಿದಾದ ಪಟ್ಟೆಯ ಮೇಲೆ ಬೀಳುತ್ತದೆ. ಹಾರ್ನೆಸ್‌ನಲ್ಲಿ ಅದು ಎದೆಮೂಳೆ, ಪಕ್ಕೆಲುಬುಗಳಿಗೆ ಹಂಚಿಹೋಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಒಂದನ್ನು ಆರಿಸುವಾಗ ನಾಯಿಯ ತಳಿ, ವಯಸ್ಸು, ಆರೋಗ್ಯ, ಎಳೆಯುವ ಅಭ್ಯಾಸ, ಓಡಾಡುವ ಜಾಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಇತಿಹಾಸ

ನಾಯಿಯನ್ನು ಹಗ್ಗದಲ್ಲಿ ಹಿಡಿದ ಅತಿ ಹಳೆಯ ಚಿತ್ರಗಳು ಸೌದಿ ಅರೇಬಿಯದ ಶುವೈಮಿಸ್ ಮತ್ತು ಜುಬ್ಬಾ ಎಂಬಲ್ಲಿನ ಬಂಡೆಗಳ ಮೇಲಿವೆ. ಸುಮಾರು 8000 ವರ್ಷ ಹಳೆಯವೆಂದು ಅಂದಾಜಿಸಲಾದ ಈ ಕೆತ್ತನೆಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರರ ಸೊಂಟದಿಂದ ನಾಯಿಗಳ ಕತ್ತಿನವರೆಗೆ ಗೆರೆಗಳನ್ನು ಎಳೆಯಲಾಗಿದೆ. ಈಜಿಪ್ಟಿನ ರಾಜರ ಕಣಿವೆಯಲ್ಲಿ 1899ರಲ್ಲಿ ಪತ್ತೆಯಾದ ಮೈಹೆರ್‌ಪ್ರಿ ಎಂಬ ಗಣ್ಯನ ಸಮಾಧಿಯಲ್ಲಿ ಅಲಂಕಾರದ ಎರಡು ತೊಗಲಿನ ಕೊರಳಪಟ್ಟಿಗಳು ಸಿಕ್ಕಿದವು. ಅವುಗಳಲ್ಲಿ ಒಂದರ ಮೇಲೆ ನಾಯಿಯ ಹೆಸರೇ ಬರೆದಿದೆ. ಕೊರಳಪಟ್ಟಿ ಗುರುತಿನ ಚೀಟಿಯೂ ಆಗಿದ್ದುದಕ್ಕೆ ಮೂರು ಸಾವಿರ ವರ್ಷಗಳಿಗೂ ಹಳೆಯ ಸಾಕ್ಷ್ಯವಿದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ಮನೆಯೊಂದರ ಹೊಸ್ತಿಲಲ್ಲಿ, ಕೊರಳಪಟ್ಟಿ ಹಾಕಿ ಸರಪಳಿಯಲ್ಲಿ ಕಟ್ಟಿದ ಕಾವಲುನಾಯಿಯ ಮೊಸಾಯಿಕ್ ಚಿತ್ರ ಇಂದಿಗೂ ಇದೆ.

ಕೊರಳಪಟ್ಟಿ ಮೊದಲಿನಿಂದಲೂ ನಾಯಿಯನ್ನು ಕಟ್ಟಿಹಾಕುವುದಕ್ಕಷ್ಟೇ ಬಳಕೆಯಾದದ್ದಲ್ಲ. ರೋಮಿನ ಲೇಖಕ ವರ‍್ರೊ ಕ್ರಿ.ಪೂ. 37ರಲ್ಲಿ ಬರೆದ ಕೃಷಿಗ್ರಂಥದಲ್ಲಿ ಕುರಿಕಾಯುವ ನಾಯಿಗಳಿಗೆ ಮೊಳೆ ಹೊಡೆದ ಗಟ್ಟಿ ತೊಗಲಿನ ಪಟ್ಟಿ ಹಾಕಬೇಕೆಂದು ಹೇಳುತ್ತಾನೆ. ಮೊಳೆಯ ತಲೆ ನಾಯಿಯ ಕತ್ತಿಗೇ ಒತ್ತದಿರಲು ಒಳಗೆ ಮೆತ್ತನೆಯ ತೊಗಲು ಹೊಲಿಯಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ತೋಳ ಒಮ್ಮೆ ಈ ಮೊಳೆಗಳಿಂದ ಗಾಯಗೊಂಡರೆ ಪಟ್ಟಿಯಿಲ್ಲದ ಉಳಿದ ನಾಯಿಗಳ ಗೋಜಿಗೂ ಬರುವುದಿಲ್ಲ ಎಂಬುದು ಅವನ ಲೆಕ್ಕ. ಇದೇ ಉಪಾಯ ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಕುರಿಗಾಹಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಚಿರತೆ ಕತ್ತಿಗೇ ಬಾಯಿ ಹಾಕುವುದರಿಂದ ಅಲ್ಲಿನ ಗದ್ದಿ, ಭೋಟಿಯಾ ನಾಯಿಗಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ತೊಡಿಸುತ್ತಾರೆ. ಯುರೋಪಿನಲ್ಲಿ ಐದು ಶತಮಾನಗಳ ಕಾಲ ಬಳಕೆಯಲ್ಲಿದ್ದ ಇಂಥ ಪಟ್ಟಿಗಳ ದೊಡ್ಡ ಸಂಗ್ರಹ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಲೀಡ್ಸ್ ಕೋಟೆಯಲ್ಲಿದೆ.

ಹಾರ್ನೆಸ್ ಹುಟ್ಟಿದ್ದು ಎಳೆಯುವ ಕೆಲಸಕ್ಕಾಗಿ. ಸೈಬೀರಿಯ, ಅಲಾಸ್ಕ, ಗ್ರೀನ್‌ಲ್ಯಾಂಡ್‌ಗಳ ಹಿಮದಲ್ಲಿ ಜಾರುಬಂಡಿ ಎಳೆಯುವ ನಾಯಿಗಳ ಉಸಿರು ಕಟ್ಟದಂತೆ ಭಾರವನ್ನು ಎದೆಗೂ ಬೆನ್ನಿಗೂ ಹಂಚುವ ಪಟ್ಟಿಗಳನ್ನು ಅಲ್ಲಿನ ಜನ ರೂಪಿಸಿಕೊಂಡರು. 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಪಟ್ಟಣಕ್ಕೆ ಗಂಟಲಮಾರಿ ರೋಗದ ಔಷಧಿಯನ್ನು ಸುಮಾರು 1085 ಕಿ.ಮೀ. ದೂರ ಸಾಗಿಸಿದ್ದು ಹಾರ್ನೆಸ್ ತೊಟ್ಟ ಇಂಥ ನಾಯಿಗಳೇ. ಟೋಗೊ, ಬಾಲ್ಟೊ ಎಂಬ ನಾಯಿಗಳು ಆ ಓಟದಿಂದ ಹೆಸರಾದವು. ಹಾರ್ನೆಸ್‌ನ ಇನ್ನೊಂದು ರೂಪ ಅಂಧರ ಮಾರ್ಗದರ್ಶಿ ನಾಯಿಗಳದು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ತರಬೇತಿ ಶಾಲೆ ಶುರುವಾಯಿತು. ಅಮೆರಿಕದಲ್ಲಿ 1929ರಲ್ಲಿ ಸೀಯಿಂಗ್ ಐ ಸಂಸ್ಥೆ ಸ್ಥಾಪನೆಯಾಯಿತು. ಬೆನ್ನಿನ ಮೇಲೆ ಗಟ್ಟಿ ಹಿಡಿಯಿರುವ ಈ ಹಾರ್ನೆಸ್ ನಾಯಿಯ ಪ್ರತಿ ಚಲನೆಯನ್ನೂ ಹಿಡಿದವರ ಅಂಗೈಗೆ ಮುಟ್ಟಿಸುತ್ತದೆ. ಮನೆನಾಯಿಯನ್ನು ಸುತ್ತಾಡಿಸಲು ಹಾರ್ನೆಸ್ ವ್ಯಾಪಕವಾಗಿ ಬಳಕೆಗೆ ಬಂದದ್ದು ಇವೆಲ್ಲದರ ನಂತರ.

ಕತ್ತಿನ ರಚನೆ ಮತ್ತು ಅಪಾಯ

ನಾಯಿಯ ಕತ್ತು ಹೊರಗಿನಿಂದ ದಪ್ಪ ರೋಮ, ಸಡಿಲ ಚರ್ಮದಿಂದ ಗಟ್ಟಿಮುಟ್ಟಾಗಿ ಕಾಣುತ್ತದೆ. ಒಳಗಿರುವುದೆಲ್ಲ ನಾಜೂಕು. ಕೊರಳಪಟ್ಟಿ ಕೂರುವ ಜಾಗದಲ್ಲೇ ಧ್ವನಿಪೆಟ್ಟಿಗೆ, ಶ್ವಾಸನಾಳ, ಅನ್ನನಾಳ, ಥೈರಾಯ್ಡ್ ಗ್ರಂಥಿ, ಮಿದುಳಿಗೆ ರಕ್ತ ಒಯ್ಯುವ ಮತ್ತು ಅಲ್ಲಿಂದ ವಾಪಸು ತರುವ ದೊಡ್ಡ ರಕ್ತನಾಳಗಳು, ಪ್ರಮುಖ ನರಗಳು ಹಾಗೂ ಏಳು ಕಶೇರುಕಗಳ ಸಾಲು ಇವೆ. ಶ್ವಾಸನಾಳ ಇಂಗ್ಲಿಷಿನ ಸಿ ಅಕ್ಷರದ ಆಕಾರದ ಸುಮಾರು 35ರಿಂದ 45 ಮೃದ್ವಸ್ಥಿ ಉಂಗುರಗಳಿಂದ ಆದ ಕೊಳವೆ. ಈ ಉಂಗುರಗಳ ಬಾಯಿ ಬೆನ್ನಿನ ಕಡೆಗೆ ತೆರೆದಿದ್ದು, ಅಲ್ಲಿ ಬರೀ ಪೊರೆ ಇರುತ್ತದೆ.

ಪಾಮೇರಿಯನ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್, ಪಗ್, ಟಾಯ್ ಪೂಡಲ್‌ಗಳಂಥ ಪುಟ್ಟ ತಳಿಗಳಲ್ಲಿ ಈ ಉಂಗುರಗಳು ಸಡಿಲಗೊಂಡು ನಾಳ ಚಪ್ಪಟೆಯಾಗುವ ಕಾಯಿಲೆ ಹೆಚ್ಚು. ಹೆಬ್ಬಾತು ಕೂಗಿದಂಥ ಒಣಕೆಮ್ಮು ಇದರ ಲಕ್ಷಣ. ಕಾಯಿಲೆಗೆ ಮೂಲ ಕಾರಣ ಕೊರಳಪಟ್ಟಿಯಲ್ಲ, ಮೃದ್ವಸ್ಥಿಯ ದೌರ್ಬಲ್ಯ. ಆದರೆ ಪಟ್ಟಿಯ ಒತ್ತಡ ಕೆಮ್ಮನ್ನು ಕೆರಳಿಸುತ್ತದೆ, ಸ್ಥಿತಿಯನ್ನು ಬಿಗಡಾಯಿಸುತ್ತದೆ. ಕತ್ತಿನ ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ಜಾರುವ ತೊಂದರೆ ಇರುವ ಡ್ಯಾಷ್‌ಹಂಡ್‌ನಂಥ ತಳಿಗಳಲ್ಲಿ ಒಂದು ಜೋರಾದ ಜಗ್ಗಾಟ ನೋವನ್ನು ಮರುಕಳಿಸಬಲ್ಲದು. ಮೂಗು ಚಪ್ಪಟೆಯಾಗಿ ಕಣ್ಣು ಉಬ್ಬಿಕೊಂಡಿರುವ ಪಗ್, ಶಿಟ್ಜು, ಬುಲ್‌ಡಾಗ್‌ಗಳಿಗೆ ಮೊದಲೇ ಉಸಿರಾಟ ಕಷ್ಟ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಬಿಸಿಲಿನಲ್ಲಿ ಅಂಥ ನಾಯಿಯ ಗಂಟಲು ಒತ್ತಿದರೆ ಮೈಬಿಸಿ ಏರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. 2003ರ ಸುಮಾರಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ ನಮ್ಮಲ್ಲಿ ಮನೆಮಾತಾದ ಪಗ್ ನಾಯಿಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಜಗ್ಗಾಟವಷ್ಟೇ ಅಪಾಯವಲ್ಲ. ಎರಡು ನಾಯಿಗಳು ಕಚ್ಚಾಡುತ್ತ ಆಡುವಾಗ ಒಂದರ ಕೆಳದವಡೆ ಇನ್ನೊಂದರ ಪಟ್ಟಿಯೊಳಗೆ ಸಿಕ್ಕಿಕೊಂಡು ಎರಡೂ ಹೊರಳಾಡಿದರೆ ಪಟ್ಟಿ ಹುರಿಗೊಂಡು ಉಸಿರು ಕಟ್ಟುತ್ತದೆ. ಗೇಟಿನ ಸರಳು, ತಂತಿಬೇಲಿ, ಪಂಜರದ ಕಂಬಿಗೆ ಪಟ್ಟಿಯ ಬಳೆ ಸಿಕ್ಕಿ ನೇತಾಡಿ ಸತ್ತ ನಾಯಿಗಳುಂಟು. ತಾರಸಿಯಲ್ಲೋ ಕಾಂಪೌಂಡ್ ಗೋಡೆಯ ಪಕ್ಕದಲ್ಲೋ ಕತ್ತಿಗೆ ಸರಪಳಿ ಬಿಗಿದು ಕಟ್ಟಿದ ನಾಯಿ ಆಚೆಗೆ ಹಾರಿದರೆ ಆಗುವುದೂ ಅದೇ.

ಮರಿಗೆ ಕಟ್ಟಿ ಮರೆತುಬಿಟ್ಟ ಪಟ್ಟಿ ಮತ್ತೊಂದು ಗಂಡಾಂತರ. ಮರಿ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ರೋಮದಡಿಯಲ್ಲಿ ಕಾಣದಂತೆ ಅದು ಚರ್ಮವನ್ನು ಕೊಯ್ದು ಮಾಂಸದೊಳಗೆ ಇಳಿಯುತ್ತದೆ. ದುರ್ನಾತ ಬಂದು, ಗಾಯದಲ್ಲಿ ಹುಳ ಕಂಡಮೇಲೆಯೇ ಯಜಮಾನನಿಗೆ ಗೊತ್ತಾಗುವುದು. ಬೀದಿಯ ಮರಿಗೆ ಮಕ್ಕಳು ಅಕ್ಕರೆಯಿಂದ ಕಟ್ಟಿದ ದಾರ, ಪ್ಲಾಸ್ಟಿಕ್ ಹುರಿ, ರಿಬ್ಬನ್‌ಗಳಿಂದ ಆಗುವ ಗಾಯವೂ ಇದೇ ಬಗೆಯದು. ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆಯುವುದಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ.

ಕೊರಳಪಟ್ಟಿಯ ಬಗೆಗಳು

ಬಕಲ್ ಅಥವಾ ಕ್ಲಿಪ್ ಇರುವ ಚಪ್ಪಟೆ ಪಟ್ಟಿ ಎಲ್ಲಕ್ಕಿಂತ ಸಾಮಾನ್ಯ. ಇದು ತೊಗಲು, ನೈಲಾನ್, ಹತ್ತಿ ಅಥವಾ ರಬ್ಬರಿನ ಲೇಪವಿರುವ ಬಟ್ಟೆಯಲ್ಲಿ ಸಿಗುತ್ತದೆ. ಅಗಲ ಹೆಚ್ಚಿದಷ್ಟೂ ಒತ್ತಡ ಹರಡಿಕೊಳ್ಳುತ್ತದೆ. ಸಣಕಲು ಹುರಿ ಅಥವಾ ಬರೀ ಚೈನು ಎಲ್ಲಕ್ಕಿಂತ ಕೆಟ್ಟದ್ದು. ಮಾರ್ಟಿಂಗೇಲ್ ಎಂಬ ಪಟ್ಟಿಯಲ್ಲಿ ಎರಡು ಕುಣಿಕೆಗಳಿರುತ್ತವೆ. ನಾಯಿ ಹಿಂದಕ್ಕೆ ಜಗ್ಗಿದರೆ ಒಂದು ಹದದವರೆಗೆ ಮಾತ್ರ ಬಿಗಿಯಾಗಿ, ತಲೆಯಿಂದ ಕಳಚಿ ಬರದಂತೆ ತಡೆಯುತ್ತದೆ. ತಲೆ ಕಿರಿದಾಗಿ ಕತ್ತು ಉದ್ದವಾಗಿರುವ ಬೇಟೆನಾಯಿಗಳಿಗಾಗಿಯೇ ಇದು ಬಳಕೆಗೆ ಬಂತು. ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಗಳೂ ಇವೆ. ಇವು ಆಟದ ಹೊತ್ತಿಗೆ, ಒಂಟಿಯಾಗಿ ಮನೆಯಲ್ಲಿರುವಾಗ ಸರಿ. ಹಗ್ಗ ಕಟ್ಟಿ ರಸ್ತೆಗೆ ಕರೆದೊಯ್ಯಲು ಅಲ್ಲ.

ಎಳೆದಷ್ಟೂ ಬಿಗಿಯಾಗುವ ಚೋಕ್ ಚೈನು, ಒಳಮುಖವಾಗಿ ಲೋಹದ ಹಲ್ಲುಗಳಿರುವ ಪ್ರಾಂಗ್ ಪಟ್ಟಿ, ವಿದ್ಯುತ್ ಆಘಾತ ಕೊಡುವ ಪಟ್ಟಿ ಇವೆಲ್ಲ ನೋವಿನಿಂದ ಪಾಠ ಕಲಿಸುವ ಸಾಧನಗಳು. ಬೆದರಿದ ಅಥವಾ ಸಿಡುಕಿನ ನಾಯಿಯ ಮೇಲೆ ಇವನ್ನು ಪ್ರಯೋಗಿಸಿದರೆ, ಅದು ಎದುರಿಗೆ ಕಂಡ ನಾಯಿಗೂ ತನಗಾದ ನೋವಿಗೂ ಗಂಟು ಹಾಕಿಕೊಂಡು ಇನ್ನಷ್ಟು ಆಕ್ರಮಣಕಾರಿ ಆಗುವ ಸಾಧ್ಯತೆ ಇದೆ. ಚಲನಚಿತ್ರ ನೋಡಿ ರಾಟ್‌ವೀಲರ್, ಡಾಬರ್‌ಮನ್‌ಗಳಿಗೆ ದಪ್ಪ ಸರಪಳಿ ತೊಡಿಸುವ ಷೋಕಿಗೂ ನಾಯಿಯ ಸುರಕ್ಷತೆಗೂ ಸಂಬಂಧವಿಲ್ಲ.

ಮೂತಿಯ ಮೇಲೆ ಒಂದು, ಕಿವಿಯ ಹಿಂದೆ ಒಂದು ಕುಣಿಕೆಯಿರುವ ತಲೆಪಟ್ಟಿ ಬೇರೆಯೇ ಬಗೆ. ಬ್ರಿಟನ್ನಿನ ಪ್ರಾಣಿವರ್ತನ ತಜ್ಞ ರೋಜರ್ ಮಗ್‌ಫೋರ್ಡ್ ರೂಪಿಸಿದ ಹಾಲ್ಟಿ ಇದರ ಪ್ರಸಿದ್ಧ ಮಾದರಿ. ತಲೆ ತಿರುಗಿದತ್ತ ಮೈಯೂ ತಿರುಗುವುದರಿಂದ ಭಾರಿ ನಾಯಿಯನ್ನೂ ಕಡಿಮೆ ಬಲದಲ್ಲಿ ಹಿಡಿಯಬಹುದು. ಆದರೆ ಇದಕ್ಕೆ ಉದ್ದನೆಯ ಹಗ್ಗ ಕಟ್ಟಬಾರದು. ಓಡಿದ ನಾಯಿ ಹಗ್ಗದ ಕೊನೆ ಮುಟ್ಟಿದಾಗ ಕತ್ತು ತಟ್ಟನೆ ತಿರುಚಿಕೊಳ್ಳುತ್ತದೆ. ಇದನ್ನು ಕೆಲವು ದಿನ ತಿಂಡಿ ತೋರಿಸಿ ಅಭ್ಯಾಸ ಮಾಡಿಸಿದ ಮೇಲೆಯೇ ಬಳಸಬೇಕು.

ಹಾರ್ನೆಸ್‌ನ ಬಗೆಗಳು

ಹಗ್ಗ ಸಿಕ್ಕಿಸುವ ಜಾಗದ ಮೇಲೆ ಹಾರ್ನೆಸ್‌ಗಳಲ್ಲಿ ಮೂರು ಬಗೆ. ಬೆನ್ನಿನ ಮೇಲೆ ಬಳೆ ಇರುವುದು ತೊಡಿಸಲು ಸುಲಭ, ಹಗ್ಗ ಕಾಲಿಗೆ ಸುತ್ತಿಕೊಳ್ಳುವುದಿಲ್ಲ. ಪುಟ್ಟ ನಾಯಿಗಳಿಗೆ, ಎಳೆಯದ ನಾಯಿಗಳಿಗೆ ಹೇಳಿಮಾಡಿಸಿದ್ದು. ಎದೆಯ ಮುಂದೆ ಬಳೆ ಇರುವುದರಲ್ಲಿ ನಾಯಿ ಮುಂದಕ್ಕೆ ನುಗ್ಗಿದಾಗ ಹಗ್ಗ ಅದನ್ನು ಪಕ್ಕಕ್ಕೆ ತಿರುಗಿಸುವುದರಿಂದ ಎಳೆಯುವ ಹುರುಪು ಕುಗ್ಗುತ್ತದೆ. ಎರಡೂ ಕಡೆ ಬಳೆ ಇರುವುದು ಮೂರನೆಯದು. ಎರಡು ಕೊಕ್ಕೆಗಳ ಹಗ್ಗವನ್ನು ಏಕಕಾಲಕ್ಕೆ ಸಿಕ್ಕಿಸಿ ಬಲವಾದ ನಾಯಿಯನ್ನು ಹಿಡಿಯಲು ಇದು ಅನುಕೂಲ.

ಪಟ್ಟಿಗಳ ಆಕಾರದಲ್ಲೂ ವ್ಯತ್ಯಾಸವಿದೆ. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಕೂರುವ ಮಾದರಿಯಲ್ಲಿ ಒತ್ತಡ ಎದೆಮೂಳೆಯ ಮೇಲೆ ಬೀಳುತ್ತದೆ, ಭುಜದ ಕೀಲು ತೆರವಾಗಿರುತ್ತದೆ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಹಾಯುವ ಮಾದರಿ ತೊಡಿಸಲು ಸುಲಭವಾದರೂ, ಮೇಲೆ ಸರಿದರೆ ಗಂಟಲಿಗೆ ಒತ್ತುತ್ತದೆ, ಕೆಳಗೆ ಸರಿದರೆ ಮುಂಗಾಲಿನ ಚಲನೆಗೆ ಅಡ್ಡಬರುತ್ತದೆ. ಎಳೆದರೆ ಕಂಕುಳಲ್ಲಿ ಹುರಿ ಬಿಗಿಯುವ ಮಾದರಿಗಳು ಚರ್ಮ ಕೀಳುತ್ತವೆ. ಇವನ್ನು ತಪ್ಪಿಸುವುದೇ ಲೇಸು. ಅಂಗಿಯಂತೆ ಮೈ ಮುಚ್ಚುವ ಮಾದರಿ ಕಲಬುರಗಿ, ರಾಯಚೂರುಗಳ ಬೇಸಿಗೆಗೆ ಸಲ್ಲದು. ಬಿಸಿಲುಸೀಮೆಯಲ್ಲಿ ಗಾಳಿಯಾಡುವ ಜಾಲರಿ ಬಟ್ಟೆಯದು ಅಥವಾ ಬರೀ ಪಟ್ಟಿಗಳದು ಬೇಕು. ಬೆನ್ನಿನ ಮೇಲೆ ಹಿಡಿಯಿರುವ ಹಾರ್ನೆಸ್ ಮುದಿನಾಯಿಯನ್ನು ಮೆಟ್ಟಿಲು ಹತ್ತಿಸಲು, ಬೀದಿನಾಯಿಗಳು ಮುತ್ತಿದಾಗ ಪುಟ್ಟ ನಾಯಿಯನ್ನು ತಟ್ಟನೆ ಮೇಲೆತ್ತಲು ಒದಗುತ್ತದೆ. ಅದೇ ನಾಯಿಯನ್ನು ಕೊರಳಪಟ್ಟಿ ಹಿಡಿದು ಎತ್ತಿದರೆ ಇಡೀ ಮೈಭಾರ ಗಂಟಲಿನ ಮೇಲೆ ಬೀಳುತ್ತದೆ.

ಪೊಲೀಸ್ ಮತ್ತು ಸೇನೆಯ ಶ್ವಾನದಳಗಳಲ್ಲಿ ಎರಡಕ್ಕೂ ಕೆಲಸವಿದೆ. ಶಿಸ್ತಿನ ನಡಿಗೆಗೆ ಕೊರಳಪಟ್ಟಿ, ಜಾಡು ಹಿಡಿಯಲು ಹಾರ್ನೆಸ್. ಮೂಗು ನೆಲಕ್ಕಿಟ್ಟು ಮುನ್ನುಗ್ಗುವ ನಾಯಿಯ ಗಂಟಲಿಗೆ ಹಗ್ಗ ಒತ್ತಬಾರದೆಂಬುದು ಒಂದು ಕಾರಣ. ಹಾರ್ನೆಸ್ ಮೈಗೇರಿದ ಕೂಡಲೇ ಇನ್ನು ಕೆಲಸ ಶುರು ಎಂದು ನಾಯಿಗೆ ತಿಳಿಯುತ್ತದೆ ಎಂಬುದು ಇನ್ನೊಂದು.

ಸಂಶೋಧನೆಗಳು ಹೇಳುವುದು

2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 26 ನಾಯಿಗಳ 51 ಕಣ್ಣುಗಳನ್ನು ಪರೀಕ್ಷಿಸಿತು. ಕೊರಳಪಟ್ಟಿಯ ಮೂಲಕ ಎಳೆದಾಗ ಕಣ್ಣೊಳಗಿನ ಒತ್ತಡ ಗಣನೀಯವಾಗಿ ಏರಿತು. ಹಾರ್ನೆಸ್‌ನ ಮೂಲಕ ಎಳೆದಾಗ ಏರಲಿಲ್ಲ. ಗ್ಲಾಕೋಮಾ ಇರುವ, ಕಾರ್ನಿಯಾ ತೆಳುವಾದ, ಕಣ್ಣಿನ ಶಸ್ತ್ರಚಿಕಿತ್ಸೆಯಾದ ನಾಯಿಗಳಿಗೆ ಹಾರ್ನೆಸ್ಸೇ ಆಗಬೇಕೆಂಬ ಸಲಹೆಗೆ ಇದು ಆಧಾರ.

ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೃತಕ ಕತ್ತಿನ ಮಾದರಿಗೆ ಏಳು ಬಗೆಯ ಕೊರಳಪಟ್ಟಿ ಮತ್ತು ಒಂದು ಸರಗುಣಿಕೆಯ ಹಗ್ಗ ತೊಡಿಸಿ, 40 ನ್ಯೂಟನ್, 70 ನ್ಯೂಟನ್ ಬಲದಿಂದಲೂ ಒಮ್ಮೆಗೇ ಜಗ್ಗಿಯೂ ನೋಡಲಾಯಿತು. ಕತ್ತಿನ ಮೇಲೆ ಬಿದ್ದ ಒತ್ತಡ ಪಟ್ಟಿಯಿಂದ ಪಟ್ಟಿಗೆ ಬದಲಾಗಿ 83ರಿಂದ 832 ಕಿಲೋಪಾಸ್ಕಲ್‌ವರೆಗೆ ದಾಖಲಾಯಿತು. ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡ ಸುಮಾರು 220 ಕಿಲೋಪಾಸ್ಕಲ್ ಎಂಬುದನ್ನು ನೆನೆದರೆ ಈ ಅಂಕಿಯ ಗಾತ್ರ ತಿಳಿಯುತ್ತದೆ. ಎಳೆಯುವ ನಾಯಿಗೆ ಗಾಯದ ಅಪಾಯವಿಲ್ಲ ಎನ್ನುವಷ್ಟು ಕಡಿಮೆ ಒತ್ತಡ ಯಾವ ಪಟ್ಟಿಯಲ್ಲೂ ಕಂಡುಬರಲಿಲ್ಲ; ಮೆತ್ತೆಯಿರುವ ಪಟ್ಟಿಗಳೂ ಇದಕ್ಕೆ ಹೊರತಾಗಲಿಲ್ಲ.

ಹಾಗೆಂದು ಹಾರ್ನೆಸ್ ದೋಷರಹಿತವಲ್ಲ. 2019ರಲ್ಲಿ ಒಂಬತ್ತು ನಾಯಿಗಳ ನಡಿಗೆಯನ್ನು ಅಳೆದ ಅಧ್ಯಯನ, ಹಾರ್ನೆಸ್ ತೊಟ್ಟಾಗ ಭುಜ ಮುಂದಕ್ಕೆ ಚಾಚುವ ಕೋನ ಕಿರಿದಾಗುತ್ತದೆ ಎಂದು ತೋರಿಸಿತು. ಭುಜಕ್ಕೆ ಅಡ್ಡಿಯಾಗದು ಎಂದೇ ಹೆಸರಾದ ಮಾದರಿಯಲ್ಲಿ ಈ ಕೊರತೆ ಇನ್ನೂ ಹೆಚ್ಚು ಕಂಡಿತು. ದಿನಕ್ಕೆ ಅರ್ಧ ಗಂಟೆ ಸುತ್ತಾಡುವ ಮನೆನಾಯಿಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ದಿನವಿಡೀ ದುಡಿಯುವ, ಓಟದಲ್ಲಿ ಭಾಗವಹಿಸುವ ನಾಯಿಗಳ ವಿಷಯದಲ್ಲಿ ಯೋಚಿಸಬೇಕಾದದ್ದೇ. ಆಸ್ಟ್ರೇಲಿಯದಲ್ಲಿ ಆಶ್ರಯಧಾಮದ 52 ನಾಯಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನಿನ ಮೇಲೆ ಹಗ್ಗ ಕಟ್ಟಿದ ಹಾರ್ನೆಸ್‌ನಲ್ಲಿ ನಾಯಿಗಳು ಕೊರಳಪಟ್ಟಿಗಿಂತ ಹೆಚ್ಚು ಬಲವಾಗಿ ಎಳೆದವು. ನೋವಿಲ್ಲದ್ದರಿಂದ ಎಳೆಯಲು ಅಳುಕಿಲ್ಲ ಎಂದು ಇದನ್ನು ಅರ್ಥೈಸಬಹುದು. ಜಾರುಬಂಡಿಗೆ ಹಾರ್ನೆಸ್ ಹಾಕಿದ್ದೂ ಅದಕ್ಕೇ ತಾನೆ. ಎಳೆದಾಡುವ 35 ಕೆ.ಜಿ.ಯ ಲ್ಯಾಬ್ರಡಾರ್ ವಯಸ್ಸಾದವರ ಕೈಯಲ್ಲಿದ್ದರೆ ಅಪಾಯ ನಾಯಿಗಿಂತ ಯಜಮಾನನ ಸೊಂಟಕ್ಕೇ ಹೆಚ್ಚು. ಮತ್ತೊಂದು ಅಧ್ಯಯನ (2016) 30 ನಾಯಿಗಳನ್ನು ಎರಡರಲ್ಲೂ ನಡೆಸಿ ನೋಡಿ, ಅವುಗಳ ಆತಂಕದ ವರ್ತನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. ಒಟ್ಟಿನಲ್ಲಿ ಹಾರ್ನೆಸ್ ಗಂಟಲನ್ನು ಕಾಯುತ್ತದೆ, ಎಳೆಯಬಾರದೆಂದು ಕಲಿಸುವುದಿಲ್ಲ. ಆ ಪಾಠ ತರಬೇತಿಯಿಂದಲೇ ಬರಬೇಕು.

ಅಳತೆ ಮತ್ತು ತೊಡಿಸುವ ಕ್ರಮ

ಅಳತೆ ತಪ್ಪಿದರೆ ಒಳ್ಳೆಯ ಹಾರ್ನೆಸ್ಸೂ ಕೆಟ್ಟದ್ದೇ. ಕೊರಳಪಟ್ಟಿಯ ಅಡಿ ಎರಡು ಬೆರಳು ಸಲೀಸಾಗಿ ಹೋಗಬೇಕು, ಪಟ್ಟಿಯನ್ನು ಮುಂದಕ್ಕೆ ಜಗ್ಗಿದರೆ ಕಿವಿ ದಾಟಿ ಬರಬಾರದು. ಹಾರ್ನೆಸ್‌ಗೆ ಎರಡು ಅಳತೆ ಬೇಕು: ಕತ್ತಿನ ಬುಡದ ಸುತ್ತಳತೆ, ಮುಂಗಾಲುಗಳ ಹಿಂದೆ ಎದೆಯ ಅತಿ ಅಗಲವಾದ ಭಾಗದ ಸುತ್ತಳತೆ. ತೊಡಿಸಿದ ಮೇಲೆ ನೋಡಬೇಕಾದದ್ದು: ಮುಂಭಾಗ ಗಂಟಲಿನ ಮೇಲೆ ಅಲ್ಲ, ಎದೆಮೂಳೆಯ ಮೇಲೆ ಕೂತಿರಬೇಕು; ಹೊಟ್ಟೆಯ ಪಟ್ಟಿ ಕಂಕುಳಿನಿಂದ ಎರಡು ಮೂರು ಬೆರಳಷ್ಟು ಹಿಂದಿರಬೇಕು; ಎಲ್ಲ ಪಟ್ಟಿಗಳ ಅಡಿಯಲ್ಲೂ ಎರಡು ಬೆರಳು ಹೋಗಬೇಕು; ಹಗ್ಗವನ್ನು ಪಕ್ಕಕ್ಕೆ ಎಳೆದರೆ ಹಾರ್ನೆಸ್ ಒಂದು ಬದಿಗೆ ವಾಲಬಾರದು.

ಕೊನೆಯ ಪರೀಕ್ಷೆಯನ್ನು ಗೇಟು ಮುಚ್ಚಿದ ಅಂಗಳದಲ್ಲೇ ಮಾಡಬೇಕು. ನಾಯಿಯ ಎದುರಿಗೆ ನಿಂತು ಹಗ್ಗವನ್ನು ಮೆಲ್ಲಗೆ ತಮ್ಮತ್ತ ಎಳೆದರೆ ಅದು ತಲೆ ತಗ್ಗಿಸಿ, ಭುಜ ಕುಗ್ಗಿಸಿ, ಹಿಂಗಾಲೂರಿ ಹಿಂದಕ್ಕೆ ಸರಿಯುತ್ತದೆ. ಸಡಿಲ ಹಾರ್ನೆಸ್ ಆಗ ಮೊದಲು ಮೊಣಕೈಗಳ ಮೇಲೆ ಜಾರಿ, ಮರುಕ್ಷಣ ತಲೆಯ ಮೇಲಿಂದ ಕಳಚಿ ಹಗ್ಗದ ಜೊತೆ ಕೈಗೆ ಬರುತ್ತದೆ. ದೀಪಾವಳಿಯ ಸಂಜೆ ಪಕ್ಕದ ಮನೆಯ ಮುಂದೆ ಸರಪಟಾಕಿ ಸಿಡಿದಾಗ ನಾಯಿಗಳು ತಪ್ಪಿಸಿಕೊಳ್ಳುವುದು ಹೀಗೆಯೇ. ಹೆದರುವ ನಾಯಿಗೆ ಪಕ್ಕೆಲುಬಿನ ಹಿಂದೆ, ಸೊಂಟದ ಹತ್ತಿರ ಮೂರನೆಯ ಪಟ್ಟಿಯಿರುವ ಹಾರ್ನೆಸ್ ಹಾಕಿ, ಅದರ ಬಳೆಗೂ ಕೊರಳಪಟ್ಟಿಗೂ ನಡುವೆ ಒಂದು ಚಿಕ್ಕ ಕೊಂಡಿ ಸೇರಿಸುವುದು ಇದಕ್ಕೆ ಮದ್ದು. ಒಂದು ಕಳಚಿದರೂ ಇನ್ನೊಂದು ಹಿಡಿದಿರುತ್ತದೆ. ಹಬ್ಬದ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ಸುತ್ತಾಟ ಮುಗಿಸುವುದು ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಒದ್ದೆ ಪಟ್ಟಿಯ ಅಡಿಯಲ್ಲಿ ಚರ್ಮ ಕೆಂಪಾಗಿ ರೋಮ ಉದುರುತ್ತದೆ. ಮಲೆನಾಡು, ಕರಾವಳಿಯ ತೇವಕ್ಕೆ ತೊಗಲಿನ ಪಟ್ಟಿ ಬೂಸ್ಟು ಹಿಡಿಯುತ್ತದೆ. ಅಲ್ಲಿಗೆ ಬೇಗ ಒಣಗುವ ನೈಲಾನ್ ವಾಸಿ. ಉಣ್ಣೆಗಳು ಅಡಗಲು ಇಷ್ಟಪಡುವ ಜಾಗಗಳಲ್ಲಿ ಕೊರಳಪಟ್ಟಿಯ ಅಡಿಭಾಗ, ಕಂಕುಳು ಎರಡೂ ಸೇರಿವೆ. ಸುತ್ತಾಟ ಮುಗಿಸಿ ಬಂದ ಕೂಡಲೇ ಹಾರ್ನೆಸ್ ಬಿಚ್ಚಿ ಕೈಯಾಡಿಸಿ ನೋಡುವುದು ರೂಢಿಯಾಗಬೇಕು. ಮನೆಯೊಳಗೆ ಇಡೀ ದಿನ ಹಾರ್ನೆಸ್ ಹಾಕಿಡುವ ಅಗತ್ಯವಿಲ್ಲ. ಮರಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ಸಡಿಲಿಸಿ ನೋಡಬೇಕು.

ವಾಹನದಲ್ಲಿ

ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಒಳಗಿರುವ 20 ಕೆ.ಜಿ. ನಾಯಿಯನ್ನು ತಡೆದು ನಿಲ್ಲಿಸಲು ಸರಾಸರಿ 2800 ನ್ಯೂಟನ್ ಬಲ ಬೇಕು, ಅಂದರೆ ಸುಮಾರು 280 ಕೆ.ಜಿ. ಭಾರ. ಅಷ್ಟೂ ಬಲ ಕೊರಳಪಟ್ಟಿಯ ಮೇಲೆ ಬಿದ್ದರೆ ಕತ್ತು ಉಳಿಯುವುದಿಲ್ಲ. ಕಾರಿನಲ್ಲಿ ನಾಯಿಯನ್ನು ಕೊರಳಪಟ್ಟಿಗೆ ಕಟ್ಟಲೇಬಾರದು ಎಂಬ ನಿಯಮಕ್ಕೆ ಕಾರಣ ಇದೇ. ಎದೆಯ ಮೇಲೆ ಅಗಲ ಮೆತ್ತೆಯಿರುವ, ಡಿಕ್ಕಿ ಪರೀಕ್ಷೆಗೆ ಒಳಪಟ್ಟ ಹಾರ್ನೆಸ್ ಅಥವಾ ಭದ್ರವಾಗಿ ಕಟ್ಟಿದ ಪಂಜರ ಇದಕ್ಕೆ ಬೇಕು. ಸುತ್ತಾಟದ ಹಾರ್ನೆಸ್‌ಗಳೆಲ್ಲ ಇಂಥ ಬಲ ತಡೆಯವು. ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಸಂಸ್ಥೆ 2013ರಲ್ಲಿ ನಡೆಸಿದ ಡಿಕ್ಕಿ ಪರೀಕ್ಷೆಗಳಲ್ಲಿ ಹಲವು ಹಾರ್ನೆಸ್‌ಗಳ ಹೊಲಿಗೆ, ಕೊಂಡಿಗಳು ಕಿತ್ತುಬಂದವು. ಸ್ಕೂಟರಿನ ಮುಂದೆ ನಿಲ್ಲಿಸಿ, ಹ್ಯಾಂಡಲಿಗೆ ಚೈನು ಸುತ್ತಿ ನಾಯಿಯನ್ನು ಕರೆದೊಯ್ಯುವ ನಮ್ಮ ನಗರಗಳ ರೂಢಿ ಯಾವ ಸಾಧನ ತೊಡಿಸಿದರೂ ಸುರಕ್ಷಿತವಲ್ಲ.

ಗುರುತು ಮತ್ತು ಕಾನೂನು

ಕೊರಳಪಟ್ಟಿಗೆ ಇಂದಿಗೂ ಸಾಟಿಯಿಲ್ಲದ ಕೆಲಸವೊಂದಿದೆ. ತಪ್ಪಿಸಿಕೊಂಡ ನಾಯಿಯ ಕತ್ತಿನಲ್ಲಿ ಮೊಬೈಲ್ ಸಂಖ್ಯೆಯ ಬಿಲ್ಲೆ ಇದ್ದರೆ ಹಾದಿಹೋಕರೂ ಯಜಮಾನನಿಗೆ ಕರೆ ಮಾಡಬಹುದು. ಚರ್ಮದಡಿ ಸೇರಿಸುವ ಮೈಕ್ರೋಚಿಪ್ ಕಳಚಿಹೋಗದು. ಆದರೆ ಅದನ್ನು ಓದಲು ಸ್ಕ್ಯಾನರ್ ಬೇಕು. ಬ್ರಿಟನ್ನಿನಲ್ಲಿ 1992ರ ಆದೇಶದಂತೆ ಸಾರ್ವಜನಿಕ ರಸ್ತೆಯಲ್ಲಿ ನಾಯಿಗೆ ಯಜಮಾನನ ಹೆಸರು, ವಿಳಾಸವಿರುವ ಕೊರಳಪಟ್ಟಿ ಇರಲೇಬೇಕು. ಇಂಗ್ಲೆಂಡಿನಲ್ಲಿ 2016ರಿಂದ ಮೈಕ್ರೋಚಿಪ್ಪೂ ಕಡ್ಡಾಯ. ಭಾರತದಲ್ಲಿ ಬೀದಿನಾಯಿಗಳಿಗೆ ರಾತ್ರಿ ವಾಹನದ ಬೆಳಕಿಗೆ ಹೊಳೆಯುವ ಪಟ್ಟಿ ತೊಡಿಸಿ ಅಪಘಾತ ತಪ್ಪಿಸುವ ಪ್ರಯತ್ನಗಳೂ ನಡೆದಿವೆ. ಶಂತನು ನಾಯ್ಡು ಆರಂಭಿಸಿದ ಮೋಟೊಪಾಸ್ ಇವುಗಳಲ್ಲಿ ಹೆಸರಾದದ್ದು. ರತನ್ ಟಾಟಾ ಅವರ ಬೆಂಬಲವೂ ಅದಕ್ಕೆ ಸಿಕ್ಕಿತು.

ನೋವು ಕೊಡುವ ಪಟ್ಟಿಗಳ ಮೇಲೆ ಹಲವು ದೇಶಗಳು ನಿರ್ಬಂಧ ಹೇರಿವೆ. ವೇಲ್ಸ್ 2010ರಲ್ಲಿ ವಿದ್ಯುತ್ ಆಘಾತದ ಪಟ್ಟಿಗಳನ್ನು ನಿಷೇಧಿಸಿತು. ಜರ್ಮನಿಯಲ್ಲಿ 2022ರ ಜನವರಿಯಿಂದ ತರಬೇತಿಯಲ್ಲಿ ಮುಳ್ಳುಪಟ್ಟಿ ಮತ್ತು ನೋವಿನ ಸಾಧನಗಳನ್ನು ಬಳಸುವಂತಿಲ್ಲ. ಕೆನಡದ ಕ್ವಿಬೆಕ್ ಪ್ರಾಂತ್ಯ 2020ರಿಂದ, 20 ಕೆ.ಜಿ. ಮತ್ತು ಹೆಚ್ಚು ತೂಕದ ನಾಯಿಗಳಿಗೆ ಸಾರ್ವಜನಿಕ ಜಾಗದಲ್ಲಿ ತಲೆಪಟ್ಟಿ ಅಥವಾ ಹಾರ್ನೆಸ್ ಕಡ್ಡಾಯ ಮಾಡಿದೆ. ಹಗ್ಗದ ಉದ್ದ 1.85 ಮೀಟರ್ ಮೀರಬಾರದು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಪ್ರಾಣಿಯನ್ನು ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಅದೇ ಕಲಮಿನಡಿ ಅಪರಾಧ.

ಮುಧೋಳ ನಾಯಿಯ ವಿಶೇಷ

ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ಈ ಆಯ್ಕೆಯ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. ನೀಳ ಕತ್ತು, ಕಿರಿದಾದ ತಲೆ, ಆಳವಾದ ಎದೆ, ಸಣ್ಣ ನಡು ಇದರ ಮೈಕಟ್ಟು. ತಲೆಗೂ ಕತ್ತಿಗೂ ಸುತ್ತಳತೆಯಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ ಮಾಮೂಲಿ ಬೆಲ್ಟ್ ಹಿಂದಕ್ಕೆ ಜಗ್ಗಿದರೆ ಕಳಚಿ ಬರುತ್ತದೆ. ಜಾರದಿರಲೆಂದು ಬಿಗಿ ಮಾಡಿದರೆ ಉಸಿರಿಗೆ ತೊಂದರೆ. ಮಾಮೂಲಿ ಹಾರ್ನೆಸ್ಸೂ ಈ ನಡುವಿನ ಮೇಲೆ ನಿಲ್ಲದು. ಬೇಟೆಗಾಗಿ ಬೆಳೆದ ತಳಿಯಾದ್ದರಿಂದ ಮೊಲವನ್ನೋ ಬೆಕ್ಕನ್ನೋ ಕಂಡರೆ ನಿಂತಲ್ಲಿಂದಲೇ ಬಾಣದ ವೇಗದಲ್ಲಿ ಚಿಮ್ಮುತ್ತದೆ. ಉದ್ದ ಹಗ್ಗದ ಕೊನೆಯಲ್ಲಿ ಆ ವೇಗ ಕತ್ತಿನ ಮೇಲೆ ಬಿದ್ದರೆ ಪೆಟ್ಟು ಖಚಿತ. ಇದಕ್ಕೆ ಅಗಲವಾದ ಮಾರ್ಟಿಂಗೇಲ್ ಪಟ್ಟಿ ಮತ್ತು ಗಿಡ್ಡ ಹಗ್ಗ ಅಥವಾ ಮೂರು ಪಟ್ಟಿಯ ಹಾರ್ನೆಸ್ ಹೊಂದುತ್ತದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಈ ತಳಿಯ ಸಂರಕ್ಷಣೆಯ ಕೆಲಸ ಮಾಡುತ್ತಿದೆ.

ಆಯ್ಕೆ

ಮರಿಗಳು, ಪುಟ್ಟ ತಳಿಗಳು, ಚಪ್ಪಟೆ ಮೂತಿಯವು, ಶ್ವಾಸನಾಳ, ಕಣ್ಣು, ಕತ್ತಿನ ತೊಂದರೆ ಇರುವವು, ಮುದಿನಾಯಿಗಳು, ಎಳೆಯುವ ಅಭ್ಯಾಸ ಬಿಡದವು ಇವೆಲ್ಲಕ್ಕೆ ಹಾರ್ನೆಸ್ಸೇ ಸರಿ. ಹಗ್ಗ ಸಡಿಲವಾಗಿ ನೇತಾಡುವಂತೆ ಪಕ್ಕದಲ್ಲೇ ನಡೆಯಲು ಕಲಿತ, ಆರೋಗ್ಯವಂತ ದೊಡ್ಡ ನಾಯಿಗೆ ಅಗಲವಾದ ಚಪ್ಪಟೆ ಕೊರಳಪಟ್ಟಿ ಸಾಕು. ಭುಜ ಅಥವಾ ಮುಂಗಾಲಿನ ನೋವಿರುವ, ಕಂಕುಳಲ್ಲಿ ಹುಣ್ಣಾದ ನಾಯಿಗೆ ಯಾವುದು ಹಿತವೆಂದು ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು. ಉದ್ದಕ್ಕೆ ಬಿಚ್ಚಿ ಸುತ್ತಿಕೊಳ್ಳುವ ಹಗ್ಗ ಬಳಸುವವರು ಅದನ್ನು ಹಾರ್ನೆಸ್‌ಗಷ್ಟೇ ಸಿಕ್ಕಿಸಬೇಕು. ಬಹುಪಾಲು ಮನೆನಾಯಿಗಳ ಮಟ್ಟಿಗೆ ಹೇಳುವುದಾದರೆ ಎರಡರಲ್ಲಿ ಒಂದನ್ನು ಬಿಡಬೇಕಾಗಿಯೇ ಇಲ್ಲ: ಹಗ್ಗ ಹಾರ್ನೆಸ್‌ಗಿರಲಿ, ಫೋನ್ ಸಂಖ್ಯೆಯ ಬಿಲ್ಲೆ ಹಗುರವಾದ ಕೊರಳಪಟ್ಟಿಗಿರಲಿ. ಹೊಸದನ್ನು ಕೊಳ್ಳುವಾಗ ನಾಯಿಯನ್ನು ಅಂಗಡಿಗೇ ಕರೆದೊಯ್ದು ತೊಡಿಸಿ ನೋಡಬೇಕು. ಹೊಲಿಗೆ ಬಿಟ್ಟ, ಕ್ಲಿಪ್ ಸವೆದ ಪಟ್ಟಿಯನ್ನು ಆ ದಿನವೇ ಬದಲಿಸಬೇಕು.